ಮರಕ್ಕೆ ಸಂಕೋಲೆ

ಒಂಟಿಸಲಗ ತೋಟದೊಳಗಿದೆ ಎಂದು
ಜೀಪಿನ ಮೈಕು ಕೂಗಿಹೋದ ಬೆಳಿಗ್ಗೆ
ಮಾಲ್ದಾರೆಯ ಶಾಲೆಯಲ್ಲಿ ನಾನೇ ಗಂಟೆ ಹೊಡೆದೆ.
ಬಂದವಳು ಒಬ್ಬಳು, ಲೈನುಮನೆಯ ಬೊಳಚ್ಚಿ.

ಪಾಠ, ಮಿಂಗ್ ದೊರೆಗಳ ಕೊನೆ.
ಪುಸ್ತಕದಲ್ಲಿ ಎರಡೇ ಸಾಲು,
ಮಿಕ್ಕದ್ದು ನಾನು ಕಟ್ಟಿ ತಂದ ಬುತ್ತಿ:
ಬೆಳೆ ಸುಟ್ಟ ಬಡಗಣ, ಬೆಳ್ಳಿ ಬತ್ತಿದ ಬೊಕ್ಕಸ,
ಕೆಲಸ ಕಳಕೊಂಡ ಟಪಾಲಿನವನೊಬ್ಬ
ದಂಡು ಕಟ್ಟಿ ರಾಜಧಾನಿಯ ಬಾಗಿಲು ಬಡಿದದ್ದು.

ಆ ನಸುಕಿನಲ್ಲಿ ದೊರೆ ಗಂಟೆ ಬಾರಿಸಿದನಂತೆ.
ಮಂತ್ರಿಗಳಲ್ಲಿ ಒಬ್ಬನೂ ಬರಲಿಲ್ಲ.
(ಬೊಳಚ್ಚಿ ತಿರುಗಿ
ಖಾಲಿ ಬೆಂಚುಗಳನ್ನು ನೋಡಿದಳು.)
ಅರಮನೆಯ ಹಿಂದೊಂದು ಗುಡ್ಡ,
ಜೊತೆಗೆ ಒಬ್ಬನೇ ಊಳಿಗದವ,
ಅಲ್ಲೊಂದು ಬಾಗಿದ ಮರ.

ಆಮೇಲೆ ಗೆದ್ದು ಬಂದವರು
ದೊರೆಗೆ ಗೌರವದ ಗೋರಿ ಕೊಟ್ಟರು,
ಮರಕ್ಕೆ ಸಂಕೋಲೆ ಬಿಗಿದರು.
ಅಪರಾಧಿ, ಅದು.

‘ಮರ ಏನು ಮಾಡ್ತು ಟೀಚರ್?’

ಬರೆಯದ ಹಲಗೆಯನ್ನೇ ಒರೆಸುತ್ತ ನಿಂತೆ.
ಅವಳೇ ಅಂದಳು:
ನಮ್ಮ ಲೈನಿನ ಹಿಂದಿನ ಹೊನ್ನೆಗೂ
ತಗಡಿನ ನಂಬರು ಬಡಿದಿದ್ದಾರೆ.
ಸಾವ್ಕಾರರದ್ದಲ್ಲವಂತೆ ಅದು, ಸರ್ಕಾರದ್ದಂತೆ,
ನಮ್ಮದು ಅಂತ ಯಾರೂ ಕೇಳೇ ಇಲ್ಲ.
ಆನೆ ಬಂದು ಬೆನ್ನು ತಿಕ್ಕಿ ಹೋಗ್ತದೆ, ಅಷ್ಟೆ.
ಮೊಳೆ ಹೊಕ್ಕಲ್ಲಿ ಕೆಂಪಗೆ ಇಳಿದಿತ್ತು.

ದೂರದಲ್ಲಿ ಪಟಾಕಿ, ಸಲಗವನ್ನು ಅಟ್ಟುವವರದು.
ಬೊಳಚ್ಚಿ ಇಸವಿ ಬರೆದುಕೊಂಡಳು,
ಪಕ್ಕದಲ್ಲಿ ಮರ,
ಮರಕ್ಕೆ ಸಂಕೋಲೆ ಸುತ್ತಹೋದ ಪೆನ್ಸಿಲ್ಲು
ಅಭ್ಯಾಸಬಲದಿಂದ ಎಲೆ ಬಿಟ್ಟು
ಕರಿಮೆಣಸಿನ ಬಳ್ಳಿಯಾಯಿತು.

ರಬ್ಬರು ಹುಡುಕಿದಳು.
ನನ್ನ ಮೇಜಿನಲ್ಲಿತ್ತು. ಕೊಡಲಿಲ್ಲ.