ಪಾರುಪತ್ತೇಗಾರರ ಪಟ

ಅರಕಲಗೂಡಿನಿಂದ ಬಸ್ಸಿನಲ್ಲಿ ಬಂದರು ಪಾರುಪತ್ತೇಗಾರರು,
ಹಳೇ ದುಪ್ಪಟಿ ಹೊದ್ದು, ದಾಕ್ಷಾಯಣಮ್ಮನವರ ಮಡಿಲಲ್ಲಿ.
ಕಂಡಕ್ಟರು ಲಗೇಜು ಚೀಟಿ ಹರಿದನಂತೆ:
‘ಯಾರಾದರೇನಮ್ಮ, ಜಾಗ ಹಿಡಿದಿದೆಯಲ್ಲ.’

ಹಾಸನದ ಸಂತೇಪೇಟೆಯಲ್ಲಿ ನನ್ನದು ಕಟ್ಟು ಹಾಕುವ ಅಂಗಡಿ.
ಬರುವುದು ದೇವರು, ತೀರಿಕೊಂಡವರು,
ನಿವೃತ್ತಿಯ ಹಾರ ಹೊತ್ತವರು.
ಇನ್ನೂರೈವತ್ತು ವರ್ಷದ ಮನುಷ್ಯ ಬಂದದ್ದು ಇದೇ ಮೊದಲು.

ಹಲಸಿನ ಹಲಗೆ. ಮಕ್ಕಿನ ಮೇಲೆ ಚಿನ್ನದ ರೇಕು.
ಕಿವಿಯಲ್ಲಿ ಒಂಟಿ, ಸೊಂಟದಲ್ಲಿ ಬಾಕು.
ಯಾರನ್ನೂ ತಿವಿಯದ ಬಾಕು, ಒರೆಗೆ ಹೊಲಿದಂತಿದೆ.
ತಲೆಗೆ ಇಂಗಳೀಕದ ಕೆಂಪು ರುಮಾಲು.
ಮೀಸೆಯಡಿ ನಗುವೋ, ಬಾಯಲ್ಲಿ ಅಡಕೆಯೋ.

‘ಹೊಗೆ ಹಿಡಿದಿದೆ, ಒರೆಸಿಕೊಡಿ’ ಎಂದರು ಅಮ್ಮ.
ಹತ್ತಿಯ ತುದಿಗೆ ಎಂಜಲಿನಷ್ಟೇ ತೇವ.
ಹೊಗೆ ಬಂತು. ಹೊಗೆಯ ಹಿಂದೆ ಕೆಂಪೂ ಬಂತು.
ಕೆಂಪಿನ ಕೆಳಗೆ ಹಸಿರು ಪಗಡಿ, ಬೇರೆಯದೇ ಸುತ್ತು;
ಹಸಿರು ಬಿರಿದಲ್ಲಿ ಪಾಳೇಗಾರರ ಕಾಲದ ಬಿಳಿ ಪೇಟ.
ಮುಖಕ್ಕೆ ಮಾತ್ರ ಒಂದೇ ಪದರ.
ಕಣ್ಣನ್ನು ಯಾರೂ ತಿದ್ದಿಲ್ಲ.

ಪಕ್ಕದ ಫ್ಲೆಕ್ಸ್ ಅಂಗಡಿಯಲ್ಲಿ ಸುಹೇಲ
ನಿನ್ನೆಯ ಮುಖಕ್ಕೆ ಇವತ್ತಿನ ಶಾಲು ಹೊದಿಸುತ್ತಿದ್ದ.
‘ಐದು ನಿಮಿಷದ ಕೆಲಸಕ್ಕೆ ಅಷ್ಟೆಲ್ಲ
ಹುಣಸೆಬೀಜದ ಅಂಟು ಕುದಿಸಿದರಾ?’ ಎಂದು ನಕ್ಕ.

ದಾಕ್ಷಾಯಣಮ್ಮ ನಗಲಿಲ್ಲ.
ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸೀಟಿ ಊದಿ
ಸಾಲು ನಿಲ್ಲಿಸಿದವರು, ಮೆಲ್ಲಗೆ ಹೇಳಿದರು:
‘ಮೂರು ದಂಡು ಹಾದುಹೋದವಂತೆ. ನಮ್ಮೂರು ಸುಡಲಿಲ್ಲ.’
ಸ್ವಲ್ಪ ತಡೆದು,
‘ಹೊಳೆಯಾಚೆಯ ಊರು ಸುಟ್ಟಿತು. ಅಲ್ಲಿನವರು
ಇವತ್ತಿಗೂ ನಮ್ಮ ಮನೆಯಲ್ಲಿ ನೀರು ಕುಡಿಯುವುದಿಲ್ಲ.’

ಬಿಳಿಯ ಅಂಚಿನಲ್ಲಿ ಇನ್ನೊಂದು ಗೆರೆ ಕಂಡಿತು, ಇದ್ದಿಲಿನದು.
ಚಿತ್ರಗಾರ ಮೊದಲು ಬರಿ ತಲೆ ಬರೆದಿದ್ದ,
ಆಮೇಲೆ ಪೇಟ ಸುತ್ತಿದ್ದ.
ಬೋಳು ನೆತ್ತಿ, ನಡುವೆ ಸಣ್ಣ ತಗ್ಗು,
ಸಿಂಬಿ ಇಟ್ಟು ಹೊರೆ ಹೊತ್ತವರಿಗೆ ಆಗುವಂಥದ್ದು.
ಅಥವಾ ಇದ್ದಿಲು ಜಾರಿರಬೇಕು.

‘ಸಾಕು’ ಎಂದರು. ಹತ್ತಿ ಕೆಳಗಿಟ್ಟೆ.
ಕೆಂಪು ಅರ್ಧ, ಹಸಿರು ಬೆರಳಷ್ಟು, ಬಿಳಿ ಉಗುರಷ್ಟು,
ಹಾಗೇ ಗಾಜು ಮುಚ್ಚಿದೆ.
ರಸೀದಿಯಲ್ಲಿ ಬರೆದೆ: ಗಾಜು ಒಂದು, ಕಟ್ಟು ಒಂದು, ಪೇಟ...
ಅಲ್ಲಿಗೆ ನಿಲ್ಲಿಸಿ, ಹೊಡೆದುಹಾಕಿದೆ.

ಐದೂಕಾಲರ ಬಸ್ಸಿಗೆ ಹೊರಟರು. ಈ ಸಲ ದುಪ್ಪಟಿ ಹೊದಿಸಲಿಲ್ಲ.
ಹೊಳೆಯ ಸೇತುವೆ ಬಂದಾಗ
ಅವರನ್ನು ಯಾವ ಕಡೆಗೆ ಮುಖ ಮಾಡಿ ಹಿಡಿದರೋ,
ಕೇಳಲಿಲ್ಲ.