ಅಲ್ಪವಿರಾಮ

ರೋಸ್ಟಾಕ್‌ನ ಟ್ರಾಮ್ ಡಿಪೋದಲ್ಲಿ
ಸಂಬಳದ ಚೀಟಿ ತೆಗೆಯುವವಳು ನಾನು.
ಹತ್ತೊಂಬತ್ತು ವರ್ಷ. ಎರಡನೇ ಮಹಡಿ, ಮೂಲೆ ಕೋಣೆ,
ಕೆಳಗೆ ಹಳಿಗಳು ಒಂದನ್ನೊಂದು ದಾಟುವ ಜಾಗ,
ಕಿಟಕಿಕಟ್ಟೆಯಲ್ಲಿ ಯಾರದ್ದೋ ಬ್ರೆಡ್ಡಿಗೆ ಕಾದ ಕಡಲಕ್ಕಿ.

ಚಾಲಕರ ಮಕ್ಕಳೆಲ್ಲ ನನಗೆ ಗೊತ್ತು,
ಮುಖದಿಂದಲ್ಲ, ಅಂಕಿಯಿಂದ.
ಚೀಟಿಯ ಮೇಲ್ತುದಿಯಲ್ಲಿ,
ಚರ್ಚಿನ ತೆರಿಗೆಯ ಖಾಲಿ ಗೆರೆಯ ಪಕ್ಕ
ಒಂದು ಪುಟ್ಟ ಚೌಕ: ಮಕ್ಕಳೆಷ್ಟು?
ಎರಡು. ಮೂರು. ಒಂದೂವರೆ.
ಹೌದು, ಒಂದೂವರೆ.
ಅಪ್ಪ ಅಮ್ಮ ಬೇರೆಯಾದರೆ
ತೆರಿಗೆ ಬಿಡುವ ಮಟ್ಟಿಗೆ ಮಗು
ಅವನಿಗೆ ಅರೆ, ಅವಳಿಗೆ ಅರೆ.

ನಮ್ಮಲ್ಲಿ ದಶಾಂಶಕ್ಕೆ ಚುಕ್ಕಿ ಇಡುವುದಿಲ್ಲ,
ಅಲ್ಪವಿರಾಮ ಇಡುತ್ತೇವೆ.
ಸೊನ್ನೆ, ಐದು.
ಸೊನ್ನೆ ಅಂದವರು ಒಂದುಸಿರು ನಿಂತು
ಆಮೇಲೆ ಐದು ಅಂದ ಹಾಗೆ.

ಹೈಕೊ ಬೂರ್‌ಮೈಸ್ಟರ್ ಮೊದಲ ಸಲ ಬಂದಾಗ
ವಿಚ್ಛೇದನದ ಮಸಿ ಆರಿರಲಿಲ್ಲ.
ಚೀಟಿಯನ್ನು ಮೇಜಿಗೊತ್ತಿ ಕೇಳಿದ:
‘ಯಾವ ಅರ್ಧ?’
ನಾನು ತಲೆ ಎತ್ತಲಿಲ್ಲ. ತಿಂಗಳ ಕೊನೆ.
‘ಸೊಂಟದಿಂದ ಮೇಲೋ, ಕೆಳಗೋ?
ಮೇಲಾದರೆ ಹಲ್ಲಿನ ತಂತಿ ನನ್ನ ಪಾಲು,
ಕೆಳಗಾದರೆ ಶೂ.’
ನಕ್ಕೆ. ಅವನೂ ನಕ್ಕ.
ಮೊದಲು ನಿಲ್ಲಿಸಿದವನು ಅವನೇ.

ಆಮೇಲೆ ಎರಡು ವಾರಕ್ಕೊಂದು ಶುಕ್ರವಾರ
ಅವನ ಟ್ರಾಮಿನ ಮುಂದಿನ ಸೀಟಿನಲ್ಲಿ ಯೂಲೆ.
ಕೊನೇ ನಿಲ್ದಾಣಕ್ಕೆ, ಮತ್ತೆ ವಾಪಸು,
ಅಪ್ಪನ ಪಾಳಿ ಮುಗಿಯುವ ತನಕ.
ಎರಡು ಜಡೆ, ಎರಡು ಹಲ್ಲುಜ್ಜುವ ಬ್ರಷ್ಷು, ಎರಡು ಮಂಚ,
ಬೂದು ಬಟ್ಟೆಯ ಮೊಲ ಮಾತ್ರ ಒಂದೇ.
ಅದನ್ನು ಯಾರ ಮನೆಯಲ್ಲಿ ಮರೆತರೂ
ಇನ್ನೊಂದು ಮನೆಯಲ್ಲಿ ನಿದ್ದೆಯಿಲ್ಲ.

ಸರ್ಕಾರದ ಮಕ್ಕಳ ಹಣ ಆಂಕೆಯ ಖಾತೆಗೆ,
ಮಗು ಹೆಚ್ಚು ದಿನ ಮಲಗುವ ಮನೆಗೆ.
ಕಾನೂನು. ಸರಿಯಾದದ್ದೇ.
ಜೀವನಾಂಶ ಇವನ ಖಾತೆಯಿಂದ. ಅದೂ ಸರಿಯೇ.
ಹೋದ ನವೆಂಬರಿನಲ್ಲಿ ಒಂದು ಚಳಿ ಜಾಕೆಟ್ಟಿಗೆ
ಇಬ್ಬರೂ ಮೂರು ವಾರ ಫೋನಿನಲ್ಲೇ ಕಾದಾಡಿ,
ಸೋಲೊಪ್ಪದೆ, ಒಂದೇ ದಿನ
ಒಬ್ಬೊಬ್ಬರು ಒಂದೊಂದು ಕೊಂಡರಂತೆ.
ಊಟದ ಕೋಣೆಯಲ್ಲಿ ಅವನೇ ಹೇಳಿದ್ದು,
ಗೆದ್ದವನ ಹಾಗೆ.

ಫೆಬ್ರವರಿಯ ಒಂದು ಬೆಳಿಗ್ಗೆ
ತೆರಿಗೆ ಕಚೇರಿಯ ತಿದ್ದುಪಡಿ ನನ್ನ ಪರದೆಗೆ ಬಂತು,
ಎಂದಿನಂತೆ, ಕಾರಣ ಹೇಳದೆ.
ಬೂರ್‌ಮೈಸ್ಟರ್: ಒಂದನೇ ಕ್ಲಾಸಿನಿಂದ ಎರಡಕ್ಕೆ,
ತೇರ್ಗಡೆಯಾದ ಹುಡುಗನಂತೆ.
ಮಗಳು ಇವನ ಬಳಿಯೇ ಇದ್ದಾಳೆ ಅನ್ನು, ಒಳ್ಳೆಯದಾಯಿತು.
ಕಾಫಿ ಕೈಗೆತ್ತಿಕೊಂಡೆ.
ಆಮೇಲೆ ಪಕ್ಕದ ಚೌಕ ನೋಡಿದೆ.
ಒಂದು, ಸೊನ್ನೆ.

ಮನೆ ಬದಲಾದರೆ ಕ್ಲಾಸು ಬದಲಾಗುತ್ತದೆ.
ಅರೆ ಇಡಿಯಾಗಲು ಅದು ಸಾಲದು.
ಅದಕ್ಕೆ ಕಾರಣಗಳು ಕೆಲವೇ.
ಹತ್ತೊಂಬತ್ತು ವರ್ಷದ ಕೆಲಸ
ಅವನ್ನೆಲ್ಲ ಬಾಯಿಪಾಠ ಮಾಡಿಸಿಬಿಟ್ಟಿದೆ.

ಸಂಬಳದ ಮಾರನೇ ದಿನ ಬಂದ. ಟೋಪಿ ತೆಗೆಯಲಿಲ್ಲ.
‘ತೊಂಬತ್ತು ಚಿಲ್ಲರೆ ಜಾಸ್ತಿ ಬಂದಿದೆ’ ಎಂದ,
ಯಾರದ್ದೋ ಪರ್ಸು ಸಿಕ್ಕಿತೆಂದು ತಂದುಕೊಡುವವನಂತೆ.
‘ನಿನ್ನದೇ ಅದು’ ಎಂದೆ.
‘ಗೊತ್ತು. ಅಲ್ಲ, ಈ ಒಂದನ್ನು
ಮತ್ತೆ ಅರ್ಧ ಮಾಡಿಸಲಿಕ್ಕೆ
ಯಾವ ಫಾರ್ಮು ತುಂಬಬೇಕು?’

ನನ್ನ ಹಿಂದೆ ಕಪಾಟಿನ ತುಂಬ ಫಾರ್ಮುಗಳು.
ಅತ್ತ ತಿರುಗಲೂ ನಾಚಿಕೆಯಾಯಿತು.

ಬಾಗಿಲಲ್ಲಿ ಯೂಲೆ.
ಎರಡೂ ಜಾಕೆಟ್ಟನ್ನು ಒಂದರ ಮೇಲೊಂದು ತೊಟ್ಟು
ತೋಳು ಬಾಗದೆ, ದಿಂಬಿನಂತೆ ನಿಂತಿದ್ದಳು.
‘ಸೆಕೆಯಾಗಲ್ವಾ?’ ಎಂದೆ, ಬೇರೇನೂ ತೋಚದೆ.
‘ಆಗತ್ತೆ’ ಎಂದಳು.

ಚೀಟಿಯ ಇನ್ನೊಂದು ಪ್ರತಿ ಬೇಕೆಂದ ಹೈಕೊ.
ಯಂತ್ರದಿಂದ ಹೊರಬಿದ್ದ ಬೆಚ್ಚನೆ ಕಾಗದವನ್ನು
ಅವಳೇ ಎತ್ತಿ ಅಪ್ಪನಿಗೆ ಕೊಟ್ಟಳು,
ಕೊಡುವ ಮುಂಚೆ
ಒಂದುಸಿರು ಕೆನ್ನೆಗೆ ಹಿಡಿದು.