ಕಾಯುವುದು

ಸ್ನಿಯೂಬರ್ಗ್ ಗುಡ್ಡಕ್ಕೆ ಆಗಸ್ಟಿನಲ್ಲಿ ಹಿಮ ಬಿತ್ತು.
ಕುರಿಗಳು ಕಲ್ಲುಗೋಡೆಯ ಮರೆಯಲ್ಲಿ
ಒಂದರ ಮೂತಿ ಇನ್ನೊಂದರ ಉಣ್ಣೆಗೆ ಒತ್ತಿ ನಿಂತಿದ್ದವು.
ಆಗಷ್ಟೇ ನೆಲಕ್ಕೆ ಬಿದ್ದ ಮರಿಯನ್ನು
ಫ್ಲೋರಸ್ ಅಜ್ಜ ಕೋಟಿನೊಳಗೆ ತುರುಕಿಕೊಂಡು ಬಂದ,
ಒಲೆಯ ಮುಂದೆ ಗೋಣಿ ಹಾಸಿ ಮಲಗಿಸಿದ.
ಬಾಯಲ್ಲಿ ಬೆರಳಿಟ್ಟು ನೋಡು ಡೀಲಿಯಾ, ಅಂದ.
ನಾಲಿಗೆ ತಣ್ಣಗಿತ್ತು,
ರಾತ್ರಿಯೆಲ್ಲ ಹೊರಗಿಟ್ಟ ಚಮಚದ ಹಾಗೆ.

ಸೌದೆ ತರಲು ಹೋದಾಗ ಗೋಡೆಯ ಸಂದಿಯಲ್ಲಿ ಕಂಡೆ
ಮುಳ್ಳುಬಾಲದ ಹಲ್ಲಿ, ಕಲ್ಲಿನ ಪಕ್ಕ ಇನ್ನೊಂದು ಕಲ್ಲು.
ಅದೂ ತಣ್ಣಗಿತ್ತು. ಅದಕ್ಕೆ ಅದೇನೂ ಕಾಯಿಲೆಯಲ್ಲ.
ಬಿಸಿಲು ಬಂದರೆ ಇವತ್ತು, ಇಲ್ಲವೇ ನಾಡಿದ್ದು.
ಹೋದ ವಾರ ನುಂಗಿದ ಒಂದು ಜೀರುಂಡೆ
ಹೊಟ್ಟೆಯಲ್ಲಿ ಇನ್ನೂ ಅರ್ಧ ಉಳಿದಿದೆ.
ಯಾರ ಸಾಲವೂ ಇಲ್ಲದ ಜೀವ.

ನಮ್ಮದು ದಿನಗೂಲಿಯ ರಕ್ತ.
ಬೆಳಿಗ್ಗೆ ತಿಂದದ್ದನ್ನು ಸಂಜೆಯೊಳಗೆ ಸುಟ್ಟು
ಮತ್ತೆ ಕೈಚಾಚುತ್ತದೆ.
ಮೈಯೊಳಗೊಂದು ಒಲೆ ಹೂಡಿ
ನಿದ್ದೆಯಲ್ಲೂ ಆರದ ಹಾಗೆ ಸೌದೆ ಒಟ್ಟುವ ಈ ಉಸಾಬರಿ
ಮೊದಲು ಯಾರಿಗೆ ಬೇಕಾಯಿತು?

ಊರಿನ ಮ್ಯೂಸಿಯಮ್ಮಿನ ಹಿಂಗೋಣೆಯಲ್ಲಿ ನನ್ನ ಕೆಲಸ,
ಸೂಜಿ ಹಿಡಿದು ಮೂಳೆಯಿಂದ ಕಲ್ಲು ಬಿಡಿಸುವುದು,
ಸೀದ ಅನ್ನದ ತಳ ಕೆರೆದ ಹಾಗೆ.
ಈಗ ಮೇಜಿನ ಮೇಲಿರುವುದು
ಇಪ್ಪತ್ತೈದು ಕೋಟಿ ವರ್ಷದ ಕೆಳಗೆ
ಬಿಲದಲ್ಲಿ ಮುದುಡಿ ಮಲಗಿ ಏಳದೇ ಹೋದದ್ದು.
ಹಲ್ಲಿ ಅನ್ನಲು ಹಲ್ಲು ಬಿಡುವುದಿಲ್ಲ,
ಇಲಿ ಅನ್ನಲು ದವಡೆ ಒಪ್ಪುವುದಿಲ್ಲ.

ಅವತ್ತು ಡಾಕ್ಟರ್ ನೊಲಿತಾ ಅದರ ಕಿವಿಯ ಚಿತ್ರ ತಂದಳು.
ಒಳಗೆ ಮೂರು ಬಳೆ, ಬಳೆಯೊಳಗೆ ನೀರು.
ರಕ್ತ ಬಿಸಿಯಾದರೆ ಆ ನೀರು ತೆಳುವಾಗುತ್ತದಂತೆ,
ಆಗ ಬಳೆಯೂ ಸಪೂರವಾಗಬೇಕು,
ಇಲ್ಲದಿದ್ದರೆ ಓಡುವಾಗ ತಲೆ ಸುತ್ತೀತು.
ಇದರ ಬಳೆ ದಪ್ಪ, ಅಂದಳು. ಇದಿನ್ನೂ ಕಾಯುತ್ತಿದೆ.

ಯಾಕೆ ಕಾಯಬೇಕಿತ್ತು?
ಅವಳ ಹತ್ತಿರ ನಾಲ್ಕು ಕಾರಣಗಳಿದ್ದವು,
ನಾಲ್ಕರ ಕೊನೆಗೂ ಒಂದೊಂದು 'ಇರಬಹುದು'.
ರಾತ್ರಿ ಖಾಲಿ ಬಿದ್ದಿತ್ತು. ಹಲ್ಲಿಗಳ ದೊಡ್ಡ ನೆಂಟರು ಮಲಗಿದ ಮೇಲೆ
ಹುಳ ಹಿಡಿಯಲು ಯಾರದೂ ಅಡ್ಡಿಯಿಲ್ಲ.
ತಣ್ಣನೆಯ ಮೈ ತಿನ್ನುವ ಬೂಷ್ಟಿಗೆ
ಜ್ವರದ ಮೈ ಆಗಿಬರದು.
ಮೂರನೆಯದು ಮರಿಗಳ ವಿಷಯ, ಅನ್ನುತ್ತಿದ್ದಳು,
ಕರೆಂಟು ಹೋಯಿತು.
ಇನ್ನು ಎರಡು ಗಂಟೆ ಬರುವುದಿಲ್ಲ, ನಮ್ಮ ಬೀದಿಯ ಸರದಿ.
ಹೀಟರಿನ ಕೆಂಪು ತಂತಿ ಕಪ್ಪಾಗುವುದನ್ನು
ಇಬ್ಬರೂ ಕಂಕುಳಲ್ಲಿ ಕೈಯಿಟ್ಟುಕೊಂಡು ನೋಡಿದೆವು.
ನಾಲ್ಕನೆಯದನ್ನು ನಾನೂ ಕೇಳಲಿಲ್ಲ.

ಮನೆಗೆ ಬಂದಾಗ ಅಜ್ಜ ಗೋಣಿಯ ಪಕ್ಕವೇ ಕೂತಿದ್ದ,
ಎರಡು ಸಲ ಬಾಟಲಿ ಹಾಲು ಕುಡಿಸಿದ್ದನಂತೆ.
ಒಲೆ ಕಾಯುತ್ತಿದ್ದನೋ, ಮರಿ ಕಾಯುತ್ತಿದ್ದನೋ,
ಅವನ ತಟ್ಟೆಯ ಸಾರಿನ ಮೇಲೆ ಕೊಬ್ಬು ಹೆಪ್ಪುಗಟ್ಟಿತ್ತು.
ಬೆರಳಿಟ್ಟೆ.
ಬಿಸಿ.
ಇಷ್ಟು ಸಣ್ಣ ಬಾಯಿ, ಎಂಥ ಸೆಳೆತ,
ಬೆರಳಲ್ಲಿ ಹಾಲಿಲ್ಲವೆಂದು ತಿಳಿದೂ ಬಿಡಲೊಲ್ಲದು.
ಹೊರಗೆ ಕತ್ತಲಲ್ಲಿ ತಾಯಿ ಒಂದೇ ಸಮ ಕೂಗುತ್ತಿತ್ತು.
ಏಳು, ಬಿಟ್ಟು ಬಾ, ಅಂದ ಅಜ್ಜ,
ನನಗೂ ಹಸಿವು.